ಅಕ್ಕ ಎಂಬ ಫೋಲ್ಡರು

ಧನಗೆರೆಯ ಶಂಕರನ ಮನೆಯಲ್ಲಿ ಟೀವಿಯ ಮೇಲ್ಗಡೆ ಒಂದು ಫೋಟೋ ತೂಗುಹಾಕಿದ್ದರು. ಅವನ ಮೊದಲ ಹೆಂಡತಿ ಶಿವಮಲ್ಲಿಯದು. ಜ್ವರವೆಂದು ಮಲಗಿದವಳು ವಾರದೊಳಗೆ ಹೋಗಿಬಿಟ್ಟಾಗ, ಅವಸರಕ್ಕೆ ಬೇರೆ ಯಾವುದೂ ಕೈಗೆ ಸಿಗದೆ, ಗುರುತಿನ ಚೀಟಿಯ ಮುಖವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು. ಗುರುತಿನ ಚೀಟಿಯಲ್ಲಿ ಯಾರ ಮುಖ ತಾನೇ ನೆಟ್ಟಗಿರುತ್ತದೆ? ನಗುನಗುತ್ತಾ ಬದುಕಿದ್ದ ಹೆಂಗಸು ಅದರಲ್ಲಿ ಯಾರೋ ಗದರಿಸಿ ಕೂರಿಸಿದ ಹಾಗೆ ಕಾಣುತ್ತಿದ್ದಳು. ಶಂಕರನ ತಾಯಿ ಮಾದೇವಮ್ಮ ಸಂಜೆ ದೀಪ ಹಚ್ಚುವಾಗಲೆಲ್ಲ, ಇದು ನಮ್ಮ ಮಲ್ಲಿಯೇ ಅಲ್ಲ, ಯಾವುದೋ ಸ್ಕೂಲಿನ ಮೇಡಮ್ಮು ಎಂದು ಗೊಣಗುತ್ತಿದ್ದಳು. ಮಗಳು ಧನುಶ್ರೀಯಂತೂ ಟೀವಿ ನೋಡುವಾಗಲೂ ಕಣ್ಣನ್ನು ಅದಕ್ಕಿಂತ ಮೇಲೆ ಎತ್ತುತ್ತಿರಲಿಲ್ಲ.

ಆ ಮನೆಗೆ ಎರಡನೆಯವಳಾಗಿ ಬಂದವಳು ಆಶಾರಾಣಿ. ತಾಳಿ ಕಟ್ಟಿಸಿಕೊಂಡ ದಿನವೇ ಅತ್ತೆ ಅವಳನ್ನು ಆ ಫೋಟೋದ ಮುಂದೆ ನಿಲ್ಲಿಸಿ, ಇವಳನ್ನು ಹೆಸರು ಹಿಡಿದು ಕರೆಯಬಾರದು, ಅಕ್ಕ ಅನ್ನಬೇಕು ಎಂದು ಹೇಳಿಕೊಟ್ಟಿದ್ದಳು. ಆ ಕಡೆಯ ಪದ್ಧತಿಯೇ ಹಾಗೆ. ಮುಖ ನೋಡಿರದಿದ್ದರೂ ಹೋದವಳು ಬಂದವಳಿಗೆ ಅಕ್ಕ. ಆಶಾರಾಣಿ ಅಂದಿನಿಂದ ಹಾಗೇ ಕರೆಯುತ್ತಿದ್ದಳು. ಅಕ್ಕನ ಬಟ್ಟಲು, ಅಕ್ಕ ನೆಟ್ಟ ನುಗ್ಗೆಮರ, ಅಕ್ಕನ ಮಗಳು. ಆ ಅಕ್ಕನ ಮಗಳು ಮಾತ್ರ ಇವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಕೊಳ್ಳೇಗಾಲದ ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಾ "ಅನ್ನ ಆಯ್ತಾ?" ಎನ್ನುತ್ತಿದ್ದಳು. ಯಾರನ್ನು ಕೇಳಿದಳೆಂದು ಅನ್ನದ ತಪ್ಪಲೆಯೇ ತಿಳಿದುಕೊಳ್ಳಬೇಕಿತ್ತು.

ಶಿವಮಲ್ಲಿಯ ಹಳೆಯ ಫೋನು ಕೆಟ್ಟು ಗೂಡಿನಲ್ಲಿ ಬಿದ್ದಿತ್ತು. ಗೌರಿ ಹಬ್ಬಕ್ಕೆ ಮನೆ ಬಳಿಯುವಾಗ ಅದು ಆಶಾರಾಣಿಯ ಕೈಗೆ ಬಂತು. ಒಳಗಿದ್ದ ಮೆಮೊರಿ ಕಾರ್ಡನ್ನು ಒರೆಸಿ ತನ್ನ ಫೋನಿಗೆ ಹಾಕಿ ನೋಡಿದರೆ, ಅಬ್ಬಾ, ಒಂದು ಸಂಸಾರವೇ ಅದರಲ್ಲಿ ಕೂತಿತ್ತು. ಧನು ಹಲ್ಲುದುರಿದ ಬಾಯಲ್ಲಿ ಕಬ್ಬು ಸಿಗಿಯುತ್ತಿರುವುದು, ಮಾದೇವಮ್ಮ ಎಮ್ಮೆಯ ಹಿಂದೆ ಓಡುತ್ತಿರುವುದು, ಮೀಸೆ ಬೋಳಿಸಿ ಕೆಟ್ಟುಹೋದ ಶಂಕರ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಶಿವಮಲ್ಲಿ. ಉಳಿದದ್ದೆಲ್ಲ ಗುಡ್ ಮಾರ್ನಿಂಗ್ ಹೂವು, ದೇವರು, ಕೈತಪ್ಪಿ ತೆಗೆದ ನೆಲ, ಒಂದೇ ಫೋಟೋ ಮತ್ತೆ ಮತ್ತೆ. ಆಶಾರಾಣಿ ಹಸುವಿಗೆ ಹುಲ್ಲು ಹಾಕಿ ಬಂದು ಕೂತಾಗಲೆಲ್ಲ ಅಕ್ಕಿಯ ಕಲ್ಲು ಆರಿಸಿದಂತೆ ಒಂದೊಂದನ್ನೇ ಆರಿಸಿದಳು. ಬೇಡದ್ದನ್ನು ತೆಗೆದು ಬೇಕಾದ್ದನ್ನೆಲ್ಲ ಒಂದು ಫೋಲ್ಡರಿಗೆ ಸೇರಿಸಿ, ಅದಕ್ಕೆ "ಅಕ್ಕ" ಎಂದು ಹೆಸರು ಬರೆದಳು. ಬೇರೆ ಹೆಸರು ಅವಳಿಗೆ ಹೊಳೆಯಲೂ ಇಲ್ಲ.

ಅವಳಿಗೆ ಒಡಹುಟ್ಟಿದ ಅಕ್ಕನೂ ಒಬ್ಬಳಿದ್ದಳು, ಯಳಂದೂರಿನ ಮಂಗಳಗೌರಿ. ಮನೆಯಲ್ಲೇ ಸೀರೆ ಇಟ್ಟುಕೊಂಡು ಮಾರುತ್ತಿದ್ದ ಆಕೆ, ಧನಗೆರೆಯ ಹೆಂಗಸರಿಗೆ ತೋರಿಸು ಎಂದು ದಿನಾ ರಾಶಿ ರಾಶಿ ಸೀರೆ ಫೋಟೋ ಕಳಿಸುತ್ತಿದ್ದಳು. ಧನುಶ್ರೀಗೆ ಆಕೆ ಯಳಂದೂರಿನ ಆಂಟಿ. ಆಂಟಿಯ ಸೀರೆಗಳಿಂದಲೇ ಆಶಾರಾಣಿಯ ಫೋನು ಗಳಿಗೆಗೊಮ್ಮೆ ಜಾಗ ಇಲ್ಲ, ಜಾಗ ಇಲ್ಲ ಎಂದು ಬಡಕೊಳ್ಳುತ್ತಿತ್ತು. ಫೋಟೋ ಆರಿಸುವ ವಿಷಯ ಕೇಳಿದ ಮಂಗಳಗೌರಿ, ಆರಿಸಿದಷ್ಟನ್ನು ನನ್ನ ಫೋನಿಗೂ ಕಳಿಸಿಡು, ಎರಡು ಕಡೆ ಇರಲಿ ಎಂದಳು. ಪೂರ್ತಿ ಮುಗಿಯಲಿ ತಾಳು ಎಂದು ಆಶಾರಾಣಿ ಮುಂದಕ್ಕೆ ಹಾಕಿದಳು.

ಒಂದು ಸಂಜೆ ಧನು ಓದುತ್ತಿದ್ದಾಗ ಆಶಾರಾಣಿ ಹೋಗಿ ಪಕ್ಕದಲ್ಲಿ ಕೂತು ಫೋನು ತೋರಿಸಿದಳು. ಒರಳುಕಲ್ಲಿನ ಮುಂದೆ ಶಿವಮಲ್ಲಿ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು, ತೆಗೀಬೇಡ ಎಂದು ಕೈ ಅಡ್ಡ ಹಿಡಿದು ನಗುತ್ತಿದ್ದಳು. ಧನು ಅದನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

"ಪಕ್ಷದ ಹಬ್ಬಕ್ಕೆ ಎಡೆ ಇಡಾ ಹೊತ್ಗೆ ನಿಮ್ಮವ್ವುಂದು ಒಳ್ಳೆ ಫೋಟೋ ದೊಡ್ದು ಮಾಡ್ಸಾಣ. ಯಾವ್ದು ಅಂತ ನೀನೇ ಆರ್ಸು" ಎಂದಳು ಆಶಾರಾಣಿ.

"ಭಾನ್ವಾರ ಆರುಸ್ತೀನಿ, ಎಲ್ಲಾ ನೋಡ್ಬುಟ್ಟು" ಎಂದಳು ಧನು. ಅವಳು ಆಶಾರಾಣಿಯ ಮುಖ ನೋಡಿ ಆಡಿದ ಮೊದಲ ಮಾತು ಅದು. ಆ ದಿನ ಆಶಾರಾಣಿ ಉಪ್ಪೆಸರಿನ ಸಾರಿಗೆ ಉಪ್ಪು ಎರಡು ಸಲ ಹಾಕಿದಳು, ಖುಷಿಗೆ. ಮಾದೇವಮ್ಮ ಬೈದುಕೊಂಡೇ ಉಂಡಳು.

ಭಾನುವಾರ ಬಂತು. ಧನು ತಲೆಗೆ ಎರೆದುಕೊಂಡು, ಕೂದಲು ಒಣಗಿಸುತ್ತಾ ಫೋನು ತೆಗೆದುಕೊಂಡಳು. ಕೆಳಕ್ಕೆ ಮೇಲಕ್ಕೆ ತಳ್ಳಿ ಹುಡುಕಿದಳು. ಅಕ್ಕ ಎಂಬ ಫೋಲ್ಡರೇ ಇರಲಿಲ್ಲ. ಆಶಾರಾಣಿ ಕೈ ಒರೆಸಿಕೊಂಡು ಬಂದು ತಾನೂ ಹುಡುಕಿದಳು, ಫೋನು ಆರಿಸಿ ಹಚ್ಚಿದಳು, ಕಾರ್ಡು ತೆಗೆದು ಊದಿ ಮತ್ತೆ ಹಾಕಿದಳು. ಕಾರ್ಡಿನಲ್ಲಿ ಅಕ್ಕನ ಒಂದು ಫೋಟೋವೂ ಇರಲಿಲ್ಲ.

"ನಾನೇನೂ ಮಾಡ್ನಿಲ್ಲ ಕಣವ್ವ. ಮೊನ್ನೆ ಇತ್ತು, ನೀನೇ ನೋಡ್ದಲ್ಲ" ಎಂದಳು.

ಧನು ಫೋನನ್ನು ಮೆಲ್ಲಗೆ ಚಾಪೆಯ ಮೇಲಿಟ್ಟಳು. ಕೂಗಾಡಿದ್ದರೆ ಎಷ್ಟೋ ವಾಸಿಯಾಗಿತ್ತು. "ಗೋಡೇಲಿ ಒಂದ್ ಉಳ್ದದೆ. ಅದ್ನೂ ತೆಗ್ದಾಕ್ಬುಡಿ, ಪೂರಾ ಆಯ್ತದೆ" ಎಂದು ಹಿತ್ತಲಿಗೆ ಹೋದಳು.

ಮಾದೇವಮ್ಮ ಸೊಸೆಯನ್ನು ಏನೂ ಅನ್ನಲಿಲ್ಲ. ಅನ್ನದೆ ಇರುವುದರಲ್ಲಿ ಆ ಮುದುಕಿ ಎತ್ತಿದ ಕೈ. ಊಟಕ್ಕೆ ಕೂತಿದ್ದ ಶಂಕರನ ಕೈ ಮಾತ್ರ ಮುದ್ದೆಯ ಮೇಲೆ ಹಾಗೇ ನಿಂತಿತು. ಅರ್ಧ ಮುದ್ದೆ ಬಿಟ್ಟು ಎದ್ದು ಕೊಟ್ಟಿಗೆಗೆ ಹೋದ. ಆಶಾರಾಣಿ ಅದನ್ನು ನೋಡಿದಳು. ಮುದ್ದೆ ಬಿಡುವ ಗಂಡಸಲ್ಲ ಅವನು.

ಮಾರನೆಯ ಬೆಳಗ್ಗೆ ಹಸು ಕರೆಯುವಲ್ಲಿ ಅವನೇ ಬಾಯಿಬಿಟ್ಟ. ಶಂಕರನದು ಗೂಡ್ಸ್ ಗಾಡಿ, ಬಾಳೆಗೊನೆ ತುಂಬಿ ಮಂಡಿಗೆ ಹೊಡೆಯುವ ಕೆಲಸ. ಆ ವಾರ ಅವನ ಫೋನು ಗೊನೆಗಳಡಿ ಸಿಕ್ಕಿ ಒಡೆದು ರಿಪೇರಿಗೆ ಹೋಗಿತ್ತು. ಹೆಂಡತಿಯ ಫೋನು ಕೊಂಡೊಯ್ದು ಲೋಡಿನ ಫೋಟೋ ತೆಗೆಯಲು ಹೋದರೆ, ಅದು ತನ್ನ ಹಾಡು ಹಾಡಿತು, ಜಾಗ ಇಲ್ಲ ಅಂತ. ಹಿಂದೆ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಫೋಲ್ಡರುಗಳ ಸಾಲಿನಲ್ಲಿ ಅಕ್ಕ ಎಂದು ಬರೆದದ್ದು ಕಂಡಿತು. ಯಳಂದೂರಿನ ಅಕ್ಕನ ಸೀರೆಗಳು ತಾನೇ, ಇವತ್ತು ಹೋದರೆ ನಾಳೆ ಇನ್ನಷ್ಟು ಬರುತ್ತವೆ ಎಂದುಕೊಂಡು ತೆರೆದೂ ನೋಡದೆ ಅಳಿಸಿದ. ಜಾಗ ಆಯಿತು, ಫೋಟೋ ತೆಗೆದ, ಮನೆಗೆ ಬಂದ. ಬಂದವನಿಗೆ ಅದು ನೆನಪೂ ಇರಲಿಲ್ಲ.

ಆಶಾರಾಣಿ ಹಾಲಿನ ತಂಬಿಗೆ ನೆಲಕ್ಕಿಟ್ಟಳು. ಅಳುವುದೋ ಬಯ್ಯುವುದೋ ಅವಳಿಗೇ ತಿಳಿಯಲಿಲ್ಲ. "ನನ್ ಮುಂದೆ ಏಳುದ್ರೆ ಏನ್ ಬಂತು? ಮಗಿ ಮುಂದೆ ಏಳಿ" ಎಂದಳು.

"ನಿಮ್ಮವ್ವುನ್ನ ನಾನೇ ಅಳಿಸ್ದೆ ಅಂತ ಯಾವ್ ಬಾಯಲ್ಲಿ ಏಳ್ಲಿ? ಮರ್ತೇಬುಟ್ಟವ್ನೆ ಅಂದ್ಕತದೆ" ಎಂದ ಶಂಕರ.

"ಈಗ ನಾನ್ ಮರುಸ್ದೆ ಅಂದ್ಕಂಡದಲ್ಲ, ಅದು ಆಯ್ತದಾ ನಿಮ್ಗೆ?"

ಅವನು ಗಾಡಿ ಹತ್ತಿ ಹೋದ. ತಾನೇ ಹೋಗಿ ಧನುವಿಗೆ ಹೇಳಬಹುದಿತ್ತು ಆಶಾರಾಣಿ. ಆದರೆ ಎರಡನೆಯವಳು ಬಂದು ಅಪ್ಪನ ಮೇಲೆ ಚಾಡಿ ಹೇಳಿದ ಹಾಗಾಗುತ್ತದೆ. ಹೇಳದಿದ್ದರೆ ಎರಡನೆಯವಳು ಮೊದಲನೆಯವಳ ಗುರುತೇ ಇಲ್ಲದ ಹಾಗೆ ಮಾಡಿದಳು ಎಂದಾಗುತ್ತದೆ. ಆ ಹುಡುಗಿ ಇನ್ನು ತನ್ನ ಮುಖ ನೋಡುವುದಿಲ್ಲ ಎಂಬುದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋಯುತ್ತಿತ್ತು. ಕೊಳ್ಳೇಗಾಲದ ಸ್ಟುಡಿಯೋ ಪರಮೇಶನ ಹತ್ತಿರ ಕಾರ್ಡು ಕೊಟ್ಟು ನೋಡಿದಳು. ಅವನು ಕಂಪ್ಯೂಟರಿಗೆ ಹಾಕಿ ಏನೇನೋ ಮಾಡಿ, ಅದರ ಮೇಲೆ ಬೇರೆ ಫೋಟೋ ಕೂತುಬಿಟ್ಟಿವೆ, ಆಗಲ್ಲಕ್ಕ ಎಂದು ವಾಪಸ್ಸು ಕೊಟ್ಟ. ಅಕ್ಕ ಎಂದದ್ದು ಕೇಳಿ ಅವಳಿಗೆ ಮೈಯುರಿಯಿತು, ಪಾಪ ಅವನೇನು ಮಾಡಿಯಾನು.

ಮನೆಯಲ್ಲಿ ದಿನಗಳು ಹೇಗೋ ಸಾಗಿದವು. ಧನು ತಟ್ಟೆಯನ್ನು ತಾನೇ ಬಡಿಸಿಕೊಂಡು ಜಗಲಿಯಲ್ಲಿ ಉಣ್ಣುತ್ತಿದ್ದಳು. ತನ್ನ ಬಟ್ಟೆ ತಾನೇ ಒಗೆದುಕೊಂಡಳು. ಅನ್ನ ಆಯ್ತಾ ಎಂಬ ಮಾತೂ ನಿಂತಿತು. ಮಾದೇವಮ್ಮ ಪಕ್ಷಕ್ಕೆ ಅಕ್ಕಿ, ಬೆಲ್ಲ ಹೊಂದಿಸುತ್ತಾ, ಎಡೆಯ ಮುಂದೆ ಈ ಮೇಡಮ್ಮನ ಮುಖವೇ ಗತಿ ಎಂದು ಗೋಡೆಗೆ ಹೇಳಿದಳು. ಶಂಕರ ಕೇಳಿಸಿಕೊಂಡು ಟೀವಿಯ ಸದ್ದು ಏರಿಸಿದ.

ಒಂದು ಬೆಳಗ್ಗೆ ಆಶಾರಾಣಿ, ಹನೂರಿಗೆ ಹೋಗಿಬರುತ್ತೇನೆ ಎಂದಷ್ಟೇ ಅತ್ತೆಗೆ ಹೇಳಿ ಬಸ್ಸು ಹತ್ತಿದಳು. ಹನೂರಿನಿಂದ ಆಟೋ ಹಿಡಿದು ಶಾಗ್ಯಕ್ಕೆ ಹೋದಳು. ಶಾಗ್ಯ ಶಿವಮಲ್ಲಿಯ ತವರು. ಅಳಿಯ ಇನ್ನೊಂದು ಮದುವೆಯಾದ ಮೇಲೆ ಶಿವಮಲ್ಲಿಯ ತಾಯಿ ಪುಟ್ಟಮಲ್ಲಮ್ಮ ಧನಗೆರೆಯ ಹೊಸಿಲು ತುಳಿದಿರಲಿಲ್ಲ. ಮನೆಯಲ್ಲಿದ್ದದ್ದು ಆಕೆ ಮತ್ತು ಮಗ ಮಣಿಕಂಠ. ಶಿವಮಲ್ಲಿಯೇ ಹಿರಿಯಳು, ಅವಳ ಬೆನ್ನಿಗೆ ಹುಟ್ಟಿದವನು ಇವನೊಬ್ಬನೇ. ಮುದುಕಿ ಅಂಗಳದಲ್ಲಿ ಮುಸುಕಿನ ಜೋಳ ಸುಲಿಯುತ್ತಿದ್ದಳು. ಬಂದವಳು ಯಾರೆಂದು ತಿಳಿದ ಮೇಲೂ ಕೂರು ಎನ್ನಲಿಲ್ಲ. ಆಶಾರಾಣಿ ತಾನೇ ಎದುರಿಗೆ ಕೂತು ಒಂದು ತೆನೆ ತೆಗೆದುಕೊಂಡು ಸುಲಿಯತೊಡಗಿದಳು. ಸುಲಿಯುತ್ತಲೇ ಫೋಟೋಗಳು ಹೋದದ್ದನ್ನೂ ಬಂದ ಕೆಲಸವನ್ನೂ ಹೇಳಿದಳು.

"ಅಲ್ಲಿದ್ದುದ್ನೆಲ್ಲ ಅಳಿಸ್ಬುಟ್ಟು, ಈಗ ಇಲ್ಲಿರೋದ್ನ ಕೇಳಕ್ ಬಂದ್ಯಾ?" ಎಂದಳು ಪುಟ್ಟಮಲ್ಲಮ್ಮ.

"ನಾನ್ ಅಳಿಸ್ನಿಲ್ಲ ಕಣವ್ವ. ಆದ್ರೆ ಜೋಪಾನ ಮಾಡ್ನಿಲ್ಲ. ಇನ್ನೊಂದ್ ಕಡೆ ಇಡು ಅಂದಿದ್ರು, ನಾಳೆ ನಾಳೆ ಅಂದೆ. ಅದು ನನ್ ತಪ್ಪೇ."

ಒಳಗಿಂದ ಬಂದ ಮಣಿಕಂಠ, ಫೋಲ್ಡರು ತಾನಾಗಿ ತಾನೇ ಹೇಗೆ ಹೋಗುತ್ತದೆ, ಏನೆಂದು ಹೆಸರು ಕೊಟ್ಟಿದ್ದಿರಿ ಎಂದು ಕೇಳಿದ.

"ಅಕ್ಕ ಅಂತ ಹಾಕಿದ್ದೆ" ಎಂದಳು ಆಶಾರಾಣಿ.

ಪುಟ್ಟಮಲ್ಲಮ್ಮನ ಕೈ ನಿಂತಿತು. "ಯಾವಕ್ಕ?"

"ಇನ್ಯಾವಕ್ಕ ಕಣವ್ವ. ಮಲ್ಲಕ್ಕ."

"ಮನೇಲಿ ನಾಕ್ ಜನುದ್ ಮುಂದೆ ಅಂಗನ್ನದು ಸರಿ. ಫೋನಲ್ಲೂ ಅಂಗೇ ಬರ್ದಿದ್ಯಾ? ಅದ್ನ ಯಾರ್ ನೋಡ್ತಾರೆ?"

"ಯಾರೂ ನೋಡಲ್ಲ" ಎಂದಳು ಆಶಾರಾಣಿ.

ಮುದುಕಿ ಮತ್ತೆ ಜೋಳದ ಸಿಪ್ಪೆ ಹರಿಯತೊಡಗಿದಳು. ಮಣಿಕಂಠ ಸುಮ್ಮನಿರುವ ಆಸಾಮಿಯಲ್ಲ. ನಿಮಗೆ ಯಳಂದೂರಿನಲ್ಲಿ ಸೀರೆ ಮಾರುವ ಅಕ್ಕ ಒಬ್ಬರಿದ್ದಾರೆ ಅಂತ ಧನು ಹೇಳಿದ್ದಳು, ಭಾವ ಎಲ್ಲಾದರೂ ಅದೇ ಅಂದುಕೊಂಡನಾ ಎಂದ. ಆಶಾರಾಣಿ ತೆನೆಯಿಂದ ತಲೆಯೆತ್ತಲಿಲ್ಲ, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ತಾಯಿ ಮಗ ಮುಖ ಮುಖ ನೋಡಿಕೊಂಡರು. ಪುಟ್ಟಮಲ್ಲಮ್ಮ ಮಗನಿಗೆ, ನಿನ್ನ ಫೋನಿನಲ್ಲಿರುವುದನ್ನೆಲ್ಲ ಇವಳಿಗೆ ಹಾಕಿಕೊಡು ಎಂದು ಹೇಳಿ, ಒಲೆಯ ಮುಂದೆ ಹೋಗಿ ಕೂತಳು.

ಮಣಿಕಂಠನ ಫೋನಿನಲ್ಲಿ ಬಹಳ ಇದ್ದವು. ಒರಳುಕಲ್ಲಿನದನ್ನೂ ಶಿವಮಲ್ಲಿ ಒಂದು ಕಾಲದಲ್ಲಿ ತಮ್ಮನಿಗೆ ಕಳಿಸಿದ್ದಳು, ನೋಡು ನಿನ್ನ ಸೋದರ ಸೊಸೆ ತೆಗೆದದ್ದು ಅಂತ. ತೆಗೆದವಳು ಧನು ಎಂಬುದು ಆಶಾರಾಣಿಗೆ ಆಗ ಗೊತ್ತಾಯಿತು. ಅವಳ ಕಣ್ಣು ತುಂಬಿತು.

ಹೊರಡುವಾಗ ಪುಟ್ಟಮಲ್ಲಮ್ಮ ಅವಳನ್ನು ಮಣೆಯ ಮೇಲೆ ಕೂರಿಸಿ, ಸೆರಗು ಒಡ್ಡು ಎಂದು ಮಡಿಲಿಗೆ ಅಕ್ಕಿ, ಬೆಲ್ಲ, ಕಾಯಿ, ರವಿಕೆ ಕಣ ಹಾಕಿದಳು. ತವರಿನವರು ಮಗಳಿಗೆ ಹಾಕುವ ಮಡಿಲಕ್ಕಿ.

"ಗೌರಿ ಹಬ್ಬಕ್ಕೆ ಅವ್ಳಿಗ್ ಆಕ್ತಿದ್ದೆ. ಅವ್ಳು ಓದ್ ಮ್ಯಾಲೆ ಕೈ ಸುಮ್ನೆ ಇತ್ತು" ಎಂದಳು.

ಸಂಜೆ ಆಶಾರಾಣಿ ಮಡಿಲಕ್ಕಿ ಕಟ್ಟಿಕೊಂಡು ಮನೆಯೊಳಗೆ ಬಂದಾಗ ಮಾದೇವಮ್ಮ ಮುದ್ದೆ ತೊಳಸುತ್ತಿದ್ದಳು. ಹನೂರಿನಲ್ಲಿ ಯಾರಮ್ಮ ನಿನಗೆ ಮಡಿಲು ತುಂಬಿದವರು ಎಂದು ಕೇಳಿದಳು. ಶಾಗ್ಯದ ಅವ್ವ ಎಂದಳು ಸೊಸೆ. ಶಂಕರ ತಟ್ಟೆ ಮುಂದಿಟ್ಟುಕೊಂಡು ಮುದ್ದೆಗೆ ಕಾಯುತ್ತಿದ್ದ. ಜಗಲಿಯಲ್ಲಿದ್ದ ಧನು ತಟ್ಟೆ ಹಿಡಿದು ಬಾಗಿಲಿಗೆ ಬಂದು ನಿಂತಳು. ಅಕ್ಕಿಯ ಗಂಟನ್ನೂ ಹೆಂಡತಿಯ ಮುಖವನ್ನೂ ನೋಡಿದ ಶಂಕರ, ಕಡೆಗೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಧನು, ಅದ್ನ ಅಳಿಸ್ದೋನು ನಾನು ಕಣವ್ವ. ಇವ್ಳಲ್ಲ. ಅಕ್ಕ ಅಂತ ಬರ್ದಿತ್ತು, ಯಳಂದೂರ್ ಸೀರೆ ಅಂದ್ಕಂಡೆ."

"ತೆಗ್ದು ನೋಡ್ನಿಲ್ವಾ?"

"ಇಲ್ಲ."

"ನಿಂಗೆ ಅಕ್ಕ ಅಂದ್ರೆ ಸೀರೆನೇ ಗ್ಯಾಪ್ಕ ಬಂತೇನ್ಲಾ?" ಎಂದು ಮಾದೇವಮ್ಮ ಮುದ್ದೆ ಕೋಲು ಹಿಡಿದುಕೊಂಡೇ ತಿರುಗಿದಳು. ಆಮೇಲೆ ಒಲೆಯ ಕಡೆ ಮುಖ ಮಾಡಿ, ಎರಡು ವಾರ ಸೊಸೆಗೆ ಬಾಯಿ ಬಿಡದೆ ಬೈದದ್ದನ್ನೆಲ್ಲ ಮಗನಿಗೆ ಬಾಯಿ ಬಿಟ್ಟು ಬೈದಳು.

ಧನು ಅಪ್ಪನನ್ನು ಬಿಟ್ಟು ಆಶಾರಾಣಿಯ ಕಡೆ ನೋಡಿದಳು. "ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾಕ್ ಏಳ್ನಿಲ್ಲ?"

"ಅದು ನಿಮ್ಮಪ್ಪ ಏಳ್ಬೇಕಾಗಿದ್ ಮಾತು" ಎಂದಳು ಆಶಾರಾಣಿ. ಧನು ತಟ್ಟೆ ತಂದು ಒಳಗೇ ಕೂತು ಉಂಡಳು.

ಅಲ್ಲಿಂದ ಮುಂದೆ ಕೆಲಸ ಹಿಡಿದವಳು ಧನುವೇ. ಅವ್ವನ ಸಂಘದ ಹೆಂಗಸರು, ಅಂಗನವಾಡಿ ಟೀಚರು, ಮದುವೆ ಮುಂಜಿಗೆ ಬಂದವರು, ಯಾರ ಯಾರ ಫೋನಿನಲ್ಲಿ ಏನಿದೆಯೆಂದು ಆಶಾರಾಣಿಯನ್ನು ಜೊತೆಗಿಟ್ಟುಕೊಂಡು ಮನೆ ಮನೆಗೆ ಹೋದಳು. ಸಿಕ್ಕಿದವನ್ನೆಲ್ಲ ಅಪ್ಪನ ಫೋನಿಗೂ ಮಾವನ ಫೋನಿಗೂ ಹಾಕಿಸಿದಳು. ಯಳಂದೂರಿಗೂ ಒಂದು ಪಾಲು ಹೋಗಲಿ ಎಂದವಳೂ ಅವಳೇ. ಶಂಕರ ಬಾಯಿ ಮುಚ್ಚಿಕೊಂಡು ಗಾಡಿಯಲ್ಲಿ ಎಲ್ಲರನ್ನೂ ಸ್ಟುಡಿಯೋಕ್ಕೆ ಕರೆದುಕೊಂಡು ಹೋದ. ಒರಳುಕಲ್ಲಿನ ಫೋಟೋ ಕೈಗೆತ್ತಿಕೊಂಡ ಪರಮೇಶ, ಹಿಂದೆ ಒಂದು ತೋಟ ಕೂರಿಸುತ್ತೇನೆ, ಮುಖ ಬೆಳ್ಳಗೆ ಮಾಡುತ್ತೇನೆ, ಆ ಹಿಟ್ಟು ಒರೆಸುತ್ತೇನೆ ಎಂದ. ಮಾದೇವಮ್ಮನಿಗೂ ಎಡೆಯ ಮುಂದೆ ಹಿಟ್ಟಿನ ಕೈ ಇರುವುದು ಅಷ್ಟು ಸರಿ ಕಾಣಲಿಲ್ಲ. ಧನು ಒಪ್ಪಲಿಲ್ಲ. ಹಿಟ್ಟು ಹಾಗೇ ಇರಲಿ, ಬೇರೇನೂ ಮುಟ್ಟಬೇಡಿ ಎಂದಳು. ಉಳಿದವನ್ನು ಚಿಕ್ಕವಾಗಿ ಪ್ರಿಂಟು ಹಾಕಿಸಿ ಒಂದು ಆಲ್ಬಮ್ಮಿಗೆ ಅಂಟಿಸಿದರು.

ಅಮಾವಾಸ್ಯೆಯ ದಿನ ಎಡೆ ಇಟ್ಟರು. ಕೋಳಿ ಸಾರು, ವಡೆ, ಕಜ್ಜಾಯ, ಶಿವಮಲ್ಲಿಗೆ ಇಷ್ಟವೆಂದು ಒಂದು ಬಟ್ಟಲು ಹುರಿಗಡಲೆ. ಮಂಗಳಗೌರಿ ಕಳಿಸಿದ್ದ ಹಸಿರು ಸೀರೆಯನ್ನು ಫೋಟೋದ ಮುಂದೆ ಮಡಿಸಿಟ್ಟರು. ಶಾಗ್ಯದಿಂದ ಪುಟ್ಟಮಲ್ಲಮ್ಮ ಮಗನ ಬೈಕಿನಲ್ಲಿ ಬಂದಿದ್ದಳು. ಮಗಳು ಹಿಟ್ಟಿನ ಕೈ ಅಡ್ಡ ಹಿಡಿದು ನಗುತ್ತಿರುವುದನ್ನು ನೋಡಿ ಅತ್ತು, ಅಳುತ್ತಲೇ ನಕ್ಕಳು. ಈಗ ಬಂದಳು ನೋಡು ನಮ್ಮ ಮಲ್ಲಿ ಎಂದಳು ಮಾದೇವಮ್ಮ. ಎಡೆ ಎತ್ತಿದ ಮೇಲೆ ಆ ಸೀರೆಯನ್ನು ಆಶಾರಾಣಿಯ ಕೈಗೆ ಕೊಟ್ಟು, ಉಟ್ಟುಕೊಂಡು ಬಾ ಎಂದಳು.

ಊಟವಾಗಿ ಎಲ್ಲರೂ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಾ ಕೂತಾಗ ಧನು ಆಶಾರಾಣಿಯ ಫೋನು ಹಿಡಿದು ಮೂಲೆ ಸೇರಿದ್ದಳು. ಸ್ವಲ್ಪ ಹೊತ್ತಿಗೆ ತಂದುಕೊಟ್ಟಳು. "ಎಲ್ಲಾ ಬ್ಯಾರೆ ಬ್ಯಾರೆ ಮಾಡಿ ಎಸ್ರು ಬರ್ದಿವ್ನಿ. ಇನ್ಮ್ಯಾಲೆ ಯಾರ್ಗೂ ತಪ್ಪು ಆಗಲ್ಲ" ಎಂದು ಹೇಳಿ ಪಾತ್ರೆ ತೊಳೆಯಲು ಹೋದಳು.

ಆಶಾರಾಣಿ ಹೊಸ ಸೀರೆಯ ನೆರಿಗೆ ಸರಿಮಾಡಿಕೊಂಡು ನೋಡಿದಳು. ಮೊದಲಿಗೆ "ಅವ್ವ" ಎಂದಿತ್ತು. ಅದು ಶಿವಮಲ್ಲಿಯದು, ಸರಿ. ಕೆಳಗೆ "ಅಪ್ಪನ ಲೋಡು". ಅದರ ಕೆಳಗೆ "ದೊಡ್ಡವ್ವನ ಸೀರೆ".

ದೊಡ್ಡವ್ವ ಯಾರು? ದೊಡ್ಡವ್ವ ಎಂದರೆ ತಾಯಿಯ ಅಕ್ಕ. ಶಿವಮಲ್ಲಿಗೆ ಅಕ್ಕಂದಿರಿಲ್ಲ, ಅವಳೇ ಹಿರಿಯಳು. ಶಂಕರನಿಗೆ ಅಣ್ಣ ಅತ್ತಿಗೆ ಯಾರೂ ಇಲ್ಲ. ಆಶಾರಾಣಿ ಬೆರಳಿಟ್ಟು ತೆರೆದಳು. ಯಳಂದೂರಿನ ಸೀರೆಗಳು, ಒಂದರ ಕೆಳಗೊಂದು.

ಅವಳು ಅದನ್ನು ಮತ್ತೊಮ್ಮೆ ಓದಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ನುಗ್ಗೆಮರದ ಕೆಳಗೆ ಹೋಗಿ ಮಂಗಳಗೌರಿಗೆ ಫೋನು ಮಾಡಿದಳು.

"ಅಕ್ಕ, ಸೀರೆ ಫೋಟೋ ಎಷ್ಟ್ ಬೇಕಾದ್ರೂ ಕಳ್ಸು ಇನ್ಮ್ಯಾಲೆ."

"ಯಾಕೆ, ಜಾಗ ಇಲ್ಲ ಅಂತಿದ್ದೆ. ಈಗ ಜಾಗ ಸಿಕ್ತಾ?"

ಹಿತ್ತಲಲ್ಲಿ ಧನು ತಪ್ಪಲೆ ಉಜ್ಜುವ ಸದ್ದು ಕೇಳುತ್ತಿತ್ತು.

"ಸಿಕ್ತು ಕಣಕ್ಕ" ಎಂದಳು ಆಶಾರಾಣಿ.